ಕೆಮ್ಮಿಗೆ ತಕ್ಕ ಚಿಲುಮೆ

ತಂಬಾಕು ಸೇದುವ ಮಣ್ಣಿನ ಚಿಲುಮೆಯ ಬಾಯಿಗೆ ಕಿರುಬೆರಳು ತೂರಿಸಿ, ಅದು ಗೆಣ್ಣಿನವರೆಗೆ ಹೋದರೆ ಮಾತ್ರ ಆತ ಮಾರುತ್ತಿದ್ದ. ಖಾನಾಪುರದ ಆ ಕುಂಬಾರ ಪ್ರತಿ ಗಿರಾಕಿಯನ್ನೂ ಕೇಳುತ್ತಿದ್ದ: "ಕುಂತು ಸೇದತೀರೋ, ಅಡ್ಡಾಡಕೋತ ಸೇದತೀರೋ?"

ಡಾಕ್ಟರರ ಮಾತಿಗೆ ಹೆದರಿ ಅಪ್ಪ ತಂಬಾಕು ಬಿಟ್ಟು ಮೂರು ತಿಂಗಳಾಗಿತ್ತು. ಹೂಜಿ ಕೊಳ್ಳಲೆಂದು ಅಪ್ಪನೂ ನಾನೂ ಬೆಳಗಾವಿಯಿಂದ ಆತನಲ್ಲಿಗೆ ಹೋಗಿದ್ದೆವು. ಅಪ್ಪ ಕೆಮ್ಮಿದರು. ಕುಂಬಾರ ಕಿವಿಗೊಟ್ಟು ಕೇಳಿ, ಉದ್ದನೆಯ ಚಿಲುಮೆಯೊಂದನ್ನು ಆರಿಸಿದ.

"ಇದರಾಗ ಹೊಗಿ ಆರಿ ಬರತೈತ್ರಿ ಕಾಕಾ. ಕೆಮ್ಮಿನವರಿಗಂತನ ಮಾಡೇನಿ."

"ಅವರು ಬಿಟ್ಟಾರ್ರಿ," ಎಂದೆ.

"ಬಿಟ್ಟವರು ಹಿಂಗ ಕೈ ಚಾಚತಾರೇನ್ರಿ, ಅಕ್ಕಾರ?"

ಅಪ್ಪ ಕೈ ಚಾಚಿಯೇ ಇದ್ದರು. ಚಿಲುಮೆ ಕೊಂಡು ತಂದು, ಆ ಸಂಜೆ ಮತ್ತೆ ಸೇದಿದರು. ಕುಂಬಾರನ ಕಾಳಜಿ ನೆನೆದಷ್ಟೂ ನನ್ನ ಮೈ ಉರಿಯಿತು.

ಮರುದಿನ ಬೆಳಿಗ್ಗೆ ಚಿಲುಮೆಯೊಳಗೆ ಹಸಿಮಣ್ಣು ತುರುಕಿ, ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋಗಿ, ಆತನ ಚಕ್ರದ ಮೇಲಿಟ್ಟು ತಿರುಗಿ ಬಂದೆ.