ಕೆಳಗಿಂದ ಅಂಬವ್ವ ‘ಬಂತು’ ಅಂದ್ರ

ಮುಂಬೈ ಕಾಂದಿವಲಿ ಚಾಳಿನ ತಗಡಿನ ಮ್ಯಾಲ ಇನ್ನೂ ಬಿಸಲು ಬಿದ್ದಿಲ್ಲ, ನೀಲಕಂಠಪ್ಪ ಆಗಲೇ ಹತ್ತಿ ಕುಂತಾನ. ನಿನ್ನಿ ಗಾಳಿಗೆ ಗಿರಾಕಿ ಶುಭಾಂಗಿ ಮನಿ ಟಿವಿ ಡಿಶ್ ಮಾರಿ ತಿರುವಿಕೊಂಡೈತಿ, ಸಿಟ್ಟಿಗೆದ್ದ ಬೀಗತಿ ಹಂಗ. ಪಾನಾ ಹಾಕಿ ನಟ್ಟು ಸಡಲಿಸಿ ಕೂದಲೆಳಿಯಷ್ಟ ಸರಸ್ತಾನ, ಕೆಳಗ ಕೂಗತಾನ.

“ಬಂತೇನ?”

“ಇನ್ನೂ ಇಲ್ಲ,” ಅಂತೈತಿ ಕೆಳಗಿಂದ ಹೆಂಡತಿ ಅಂಬವ್ವನ ದನಿ.

ಇದೇನ ಸಾದಾ ದನಿ ಅಲ್ಲ. ಹರೇದಾಗ ಆಕಿ ಇಲ್ಲಿ ‘ಬಂತು’ ಅಂದ್ರ, ಗೋರೆಗಾಂವ್ ಸ್ಟೇಷನ್ನಿನಾಗ ಮಂದಿ ಲೋಕಲ್ ರೈಲು ಬಂತಂತ ಓಡತಿದ್ರು.

ವಿಜಯಪುರ ಕಡಿಂದ ಬಂದ ಈ ಗಂಡ ಹೆಂಡ್ತಿ ಹೊಟ್ಟಿಪಾಡಿಗೆ ಮೊದಲ ಕಡ್ಡಿ ಆಂಟೆನಾ ತಿರುವಿದ್ರು, ಆಮ್ಯಾಲ ಡಿಶ್. ಮ್ಯಾಲ ಅಂವನ ಕೈ, ಕೆಳಗ ಆಕಿ ಕಣ್ಣು.

“ಚಿತ್ರ ಇದ್ದಂಗ ಬರಂಗಿಲ್ರಿ,” ಅಂತಾನ ನೀಲಕಂಠಪ್ಪ, ಕೇಳಿದವರಿಗೆಲ್ಲ. “ಅಲ್ಲಿ ಪುಡಿಪುಡಿ ಮಾಡಿ, ರೇಡಿಯೊ ತೆರಿ ಮ್ಯಾಲ ಹೊರಿಸಿ, ಆಕಾಶದಾಗಿನ ಉಪಗ್ರಹಕ್ಕ ಒಗಿತಾರ. ಅದು ತಿರಗಿ ದೇಶದ ತುಂಬ ಚೆಲ್ಲತೈತಿ. ಈಗೂ ನಿಮ್ಮ ತಲಿ ಮ್ಯಾಲ ನೂರಾರು ಚಿತ್ರ ಬೀಳಾಕತ್ತಾವ. ಈ ತಾಟು ಹಿಡಿತೈತಿ, ಟಿವಿ ಬಾಜೂಕಿನ ಡಬ್ಬಿ ಕೂಡಿಸಿ ತೋರಸತೈತಿ. ತಾಟು ಸೊಟ್ಟಾತೋ, ಕರಿ ಪರದೆ.”

“ನನ್ನ ಕಣ್ಣಿನ ತಾಟಿಗೆ ಯಾವ ಪಾನಾನೂ ಕೂಡಂಗಿಲ್ಲ,” ಅಂತಾಳ ಅಂಬವ್ವ, ನಕ್ಕೋತ. ಸಕ್ಕರಿ ಬ್ಯಾನಿ ಆಕಿ ಕಣ್ಣು ತಿಂದೈತಿ.

ಕಣ್ಣು ಕಾಣಂಗಿಲ್ಲಂತ ಆಕಿ ಗಂಡಗ ಹೇಳಿರಲಿಲ್ಲ. ಹ್ವಾದ ವರ್ಷ ಇದ ಶುಭಾಂಗಿ ಮನ್ಯಾಗ ಗೊತ್ತಾತು. ಶುಭಾಂಗಿ ನೀರ ಹಿಡಿಯಾಕ ಹೋಗಿದ್ಲು. ಗ್ವಾಡಿ ಆಚೆ ಮನಿ ಟಿವ್ಯಾಗ ಧಾರಾವಾಹಿ ಅತ್ತಿ ಒದರಾಕ ಸುರು ಮಾಡಿದ್ಲು. ಅಂಬವ್ವ ಅದು ಈ ಟಿವಿನ ಅಂತ ತಿಳದು ‘ಬಂತು’ ಅಂದ್ಲು. ನೀಲಕಂಠಪ್ಪ ನಟ್ಟು ಬಿಗದು ಇಳದ. ಶುಭಾಂಗಿ ಕೊಡ ಇಳಿಸಿ, “ಕಾಕಾ, ಟಿವಿ ಪೂರಾ ಕಾಲಾ ಐತಲ್ಲ,” ಅಂದ್ಲು. ಅಂಬವ್ವ ಆ ಕರಿ ಪರದೆ ಎದುರಿಗೇ ಕುಂತಿದ್ಲು, ಸಮಾಧಾನದ ಮಾರಿ ಮಾಡಿಕೊಂಡು.

“ಹೇಳಿದ್ರ ನನ್ನನ್ನ ಮನ್ಯಾಗ ಬಿಟ್ಟು ಬರತಿದ್ದ,” ಅಂತಾಳ ಈಗ. “ಮನ್ಯಾಗ ಕುಂತು ನಾ ಏನ ನೋಡ್ಲಿ?”

ನೋಟ ತಿರಗಿ ಬರಂಗಿಲ್ಲ ಅಂದಾರ ಡಾಕ್ಟರು. ಸುದ್ದಿ ಚಾಳಿಂದ ಚಾಳಿಗೆ ಹೋತು. ಗಿರಾಕಿ ಫೋನ್ ಮಾಡಿ “ಅಕೇಲಾ ಬಾ, ಒಬ್ಬನ ಬಾ” ಅಂತಾರ. ಸಿಗ್ನಲ್ ಸಿಕ್ರ ಕುಂಯ್ ಅನ್ನೂ ಮೀಟರ್ ಅಂವನ ಚೀಲದಾಗೂ ಐತಿ. ಆದ್ರೂ “ಬಂದ್ರ ಇಬ್ರೂ” ಅಂತಾನ. ಅದಕ್ಕ ಬಾಂದ್ರಾ ಕಡೆ ಕೆಲಸ ಪೂರಾ ನಿಂತೈತಿ.

“ಮೀಟರ್ ಸುಳ್ಳ ಹೇಳಂಗಿಲ್ಲ, ಖರೆ. ಆದ್ರ ಇಳದ ಬಂದ್ರ ‘ದಣದೀಯೇನ’ ಅಂತ ಕೇಳಂಗಿಲ್ಲಲ್ರಿ,” ಅಂತಾನ.

ಇವತ್ತು ಶುಭಾಂಗಿನೂ ಒಬ್ಬನ ಬಾ ಅಂದಿದ್ಲು. ಅಂಬವ್ವ ಬಂದಾಳ. ಈ ಸಲ ಟಿವಿ ಬೆನ್ನಿಗೆ ಅಂಗೈ ಹಚ್ಚಿ ಕುಂತಾಳ. ಆಚೆ ಮನಿ ಟಿವಿ ಎಷ್ಟರ ಒದರಲಿ, ಈ ಟಿವಿ ಅಂಗೈಯಾಗ ನಡಗಲಿಲ್ಲಂದ್ರ ಬಾಯಿ ಬಿಡಂಗಿಲ್ಲ. ಶುಭಾಂಗಿ ಬಾಗಲದಾಗ ನಿಂತು ಒಮ್ಮೆ ಪರದೆ ನೋಡತಾಳ, ಒಮ್ಮೆ ಆಕಿನ್ನ.

ಮ್ಯಾಲ ನಟ್ಟು ಕಿರ್ ಅಂತೈತಿ. ಆಕಿ ಬೆರಳು ಸೆಟದು ನಿಲ್ಲತಾವ.

“ಬಂತು.”

“ಬಂತು ಕಾಕಾ, ಖರೇನ ಬಂತು,” ಅಂತ ಶುಭಾಂಗಿನೂ ಕೂಗತಾಳ.

ನೀಲಕಂಠಪ್ಪ ನಿಚ್ಚಣಿಕಿ ಇಳದು ಬರತಾನ. ಕಣ್ಣಿದ್ದಾಗ ಯಾವ ಮನ್ಯಾಗೂ ಮೊದಲ ಚಿತ್ರ ನೋಡತಿದ್ದಾಕಿ ಅಂಬವ್ವನ. ಇಳದ ಬಂದವಗ ಏನ ಬಂದೈತಿ ಅಂತ ಆಕಿನ ಹೇಳತಿದ್ಲು. ಈಗ ಹೇಳೂ ಪಾಳಿ ಅಂವಂದು.

“ಏನ ಬಂದೈತಿ?” ಅಂತಾಳ ಅಂಬವ್ವ.

ಪರದೆ ಮ್ಯಾಲ ಟೈ ಕಟಗೊಂಡ ಒಬ್ಬಾಂವ ಶೇರ್ ಬಜಾರದ ಸುದ್ದಿ ಓದಾಕತ್ತಾನ.

“ಹೆಣ್ಣಮಗಳು,” ಅಂತಾನ ನೀಲಕಂಠಪ್ಪ. “ನಮ್ಮ ಕಡೆ ಇಳಕಲ್ ಸೀರಿ ಉಟ್ಟಾಳ.”

ಅಂಬವ್ವ ಟಿವ್ಯಾಗಿನ ಆ ಗಂಡಸಿನ ದನಿ ಕೇಳತಾಳ. ಅಂಗೈ ಇನ್ನೂ ಟಿವಿ ಬೆನ್ನ ಮ್ಯಾಲೇ ಐತಿ.

“ಶೇರ್ ಬಜಾರದಾವನೂ ಸೀರಿ ಉಡಾಕತ್ತಾನೇನ?” ಅಂತಾಳ. ಆಮ್ಯಾಲ ಮೆತ್ತಗ, “ಇರಲಿ. ಸೆರಗ ಎಂಥಾದ್ದೈತಿ, ಅದನ್ನ ಹೇಳ.”