ಮೊದಲ ತುತ್ತು ಅವಳದು

ಭೈರವನನ್ನು ನಂಬಿ ಬಾಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಮಗಳು ತೀರಿಕೊಂಡ ಮೇಲೆ ನನ್ನ ಹೆಂಡತಿ ನಾಗರತ್ನ ಊಟ ಬಿಟ್ಟಳು. 2005ರ ಮಳೆಗಾಲ. ಒಂದನೇ ತರಗತಿಯಲ್ಲಿದ್ದ ನಮ್ಮ ಭವ್ಯಳಿಗೆ ಮೆದುಳು ಜ್ವರ ಬಂತು. ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ದೇವನಹಳ್ಳಿ ದಾಟುವಷ್ಟರಲ್ಲಿ ಆಂಬುಲೆನ್ಸಿನಲ್ಲೇ, ಅಮ್ಮನ ತೊಡೆಯ ಮೇಲೆ, ಮಗುವಿನ ಉಸಿರು ನಿಂತಿತು.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಸಾದಲಿ ಹತ್ತಿರದ ಹಳ್ಳಿಯಿಂದ ನಡೆದು ಬಂದು ಬಸ್ಸು ಹಿಡಿದು ಓದಿದವನು. ಮಂಡಿಕಲ್ ಕಡೆ ಮೇಷ್ಟ್ರಾಗಿದ್ದೇನೆ, ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿದ್ದೇನೆ. ಓದಿದೆನೆಂದು ಮನೆದೇವರನ್ನು ಬಿಡಲಿಲ್ಲ. ಅಷ್ಟಮಿಯ ದಿನ ಮೊದಲ ಮುದ್ದೆ ನಾಯಿಗೆ. ಭೈರವನ ವಾಹನ ಬಾಯಿ ಹಾಕಿದ ಮೇಲೆಯೇ ನಮ್ಮ ಊಟ. ಆ ಕೆಲಸ ಭವ್ಯಳದು. ಎಲೆಯಲ್ಲಿ ಮುದ್ದೆ ಹಿಡಿದು ಬಾಗಿಲಲ್ಲಿ ನಿಂತು, ಬೀದಿಯ ಯಾವ ನಾಯಿ ಕಂಡರೂ "ಬಾ ಭೈರಪ್ಪ, ಬಿಸಿ ಐತೆ, ಊದ್ಕೊಂಡು ತಿನ್ನು" ಅನ್ನುತ್ತಿದ್ದಳು.

ಅವಳು ಹೋದ ಮೇಲೆ ನಾಗರತ್ನ ಆ ಬಾಗಿಲೇ ಮುಚ್ಚಿದಳು. ಕಾಫಿ ಕುಡಿಯುತ್ತಿದ್ದಳು, ಬಲವಂತಕ್ಕೆ ನಾಲ್ಕು ಅಗುಳು. ಎರಡು ಸಲ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಿದೆವು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಷ್ಟಮಿಗೆ ಮುದ್ದೆ ಇಡೋಣವೆಂದು ನನ್ನ ತಾಯಿ ಕೇಳಿದ್ದಕ್ಕೆ ಅವಳು ಗೋಡೆ ನೋಡಿಕೊಂಡೇ ಹೇಳಿದಳು: "ಇಟ್ಟಿದ್ದೆಲ್ಲ ತಿಂದ್ನಲ್ಲತ್ತೆ. ನನ್ ಮಗೂನ್ ಕಾಯಕ್ಕೆ ಬಂದ್ನಾ?"

ನಾನು ಊರಿಗೆ ಹೋಗಿ ಭೈರವನ ಗುಡಿಯಲ್ಲಿ ಕೂತೆ. ಮಗುವನ್ನು ವಾಪಸ್ಸು ಕೇಳುವುದಿಲ್ಲ, ಅದು ಆಗದ ಮಾತು. ಇವಳು ತಾನಾಗಿ ಒಂದು ಹೊತ್ತು ಉಣ್ಣುವ ಹಾಗೆ ಮಾಡಪ್ಪ ಎಂದೆ. ಅಷ್ಟೇ ಬೇಡಿಕೊಂಡದ್ದು.

ಮಂಡಿಕಲ್ ರಸ್ತೆಯಲ್ಲಿ ಒಂದು ಕೋಳಿ ಫಾರಂ ಇತ್ತು. ಅದನ್ನು ಮುಚ್ಚಿ ಹೋದವರು ಕಾವಲಿಗಿದ್ದ ಡಾಬರ್‌ಮನ್ ನಾಯಿಯನ್ನು ಗೇಟಿಗೆ ಕಟ್ಟಿಯೇ ಹೋಗಿದ್ದರು. ಬಸ್ಸಿನಿಂದ ಕಂಡಾಗ ಅದು ಎದ್ದು ನಿಲ್ಲಲೂ ಆಗದೆ ಬಿದ್ದಿತ್ತು. ನಾಯಿ ಸಾಕುವ ಆಸೆ ನನಗೆ ಎಂದೂ ಇರಲಿಲ್ಲ. ಆದರೆ ಮನೆಯಲ್ಲೊಬ್ಬಳು ಹಾಗೆ ಬಿದ್ದಿರುವಾಗ ಇದನ್ನು ನೋಡಿಕೊಂಡು ಮುಂದೆ ಹೋಗಲಾಗಲಿಲ್ಲ. ಇಳಿದೆ. ಬಸ್ಸಿನವರು ಅದನ್ನು ಹತ್ತಿಸಲಿಲ್ಲ, ಟೊಮೆಟೊ ಟೆಂಪೋದಲ್ಲಿ ತಂದೆ. ಮೋಟು ಬಾಲ, ಎಣಿಸಬಹುದಾದ ಪಕ್ಕೆಲುಬು. ನಮ್ಮ ತಾಯಿ "ಇದೇನಪ್ಪಾ, ಯಮನ್ನೇ ಕರ್ಕೊಂಬಂದ್ಯಾ" ಎಂದವರು, ಮರುಕ್ಷಣವೇ ದೇವರ ನಾಯಿ ಎಂದು ಕೈಮುಗಿದರು.

ಆಗಿದ್ದು ಅಲ್ಲೇ ತಪ್ಪು. ದೇವರ ನಾಯಿ ಎಂದು ದಿನವೂ ಮೊದಲ ಮುದ್ದೆ ಅದರ ಮುಂದಿಟ್ಟು, ಅದು ತಿನ್ನುವವರೆಗೆ ನಾವು ತಟ್ಟೆ ಮುಟ್ಟದೆ ಕಾದೆವು. ಅದು ಮುದ್ದೆಯನ್ನು ನೋಡುತ್ತಿತ್ತು, ನಮ್ಮ ಮುಖ ನೋಡುತ್ತಿತ್ತು, ಜೊಲ್ಲು ಸುರಿಸುತ್ತಿತ್ತು. ಬಾಯಿ ಮಾತ್ರ ಹಾಕಲಿಲ್ಲ. ಕೊನೆಗೆ ನಾವು ಒಳಗೆ ಹೋಗಿ ಉಣ್ಣುತ್ತಿದ್ದೆವು. ನೀರಿನ ಮೇಲೆಯೇ ಇತ್ತು, ಸಾಯುತ್ತದೆ ಎಂದುಕೊಂಡೆ. ಇನ್ನೊಂದು ಸಾವನ್ನು ನಾನೇ ಮನೆಗೆ ತಂದೆನಲ್ಲ ಎಂದು ಬಚ್ಚಲಿಗೆ ಹೋಗಿ ಅತ್ತೆ.

ಒಂದು ಮಧ್ಯಾಹ್ನ ನಾಗರತ್ನ ಮಂಚದಿಂದೆದ್ದು ಗೋಡೆ ಹಿಡಿದುಕೊಂಡು ಬಂದು ಅದರೆದುರು ಕೂತಳು.

"ಯಾಕ್ ಭೈರಪ್ಪ, ಬಿಸಿ ಐತಾ?" ಎಂದಳು.

ಮಗುವಿನ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಊದಿ, ಬಿಸಿ ಇಲ್ಲ ನೋಡು ಎಂದು ತೋರಿಸಲು ತಾನು ನುಂಗಿದಳು. ನಾಯಿ ಕೂಡಲೇ ತಲೆ ತಗ್ಗಿಸಿ ತಿನ್ನತೊಡಗಿತು. ಅವಳು ತಿನ್ನುವುದನ್ನು ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು. ಇನ್ನೊಂದು ತುತ್ತು ತಿಂದಳು. ಅದೂ ತಿಂದಿತು. ಅಳುತ್ತಲೇ ಅರ್ಧ ಮುದ್ದೆ ಉಂಡಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ.

ಕಳ್ಳರು ಹಾಕಿದ ವಿಷ ತಿನ್ನದಿರಲೆಂದು, ಸಾಕಿದವರು ಎದುರಿಗೆ ತಿಂದ ಮೇಲೆಯೇ ತಿನ್ನುವಂತೆ ಅದಕ್ಕೆ ಕಲಿಸಿರಬೇಕು ಎಂದು ಆಮೇಲೆ ದನದ ಡಾಕ್ಟರು ಹೇಳಿದರು. ಇರಬಹುದು. ನಾನೂ ಓದಿದವನೇ, ಒಪ್ಪುತ್ತೇನೆ. ಆದರೆ ಅಂಥದ್ದೇ ನಾಯಿಯನ್ನು ನನ್ನ ದಾರಿಯಲ್ಲಿ ಕಟ್ಟಿದವನು ಯಾರು? ಮೊದಲ ತುತ್ತು ತನಗೆ ಬೇಡ, ಅವಳಿಗೆ ಎಂದು ಕೂತವನು ಯಾರು?

ಅಂದಿನಿಂದ ಆ ನಾಯಿಯ ಹೆಸರು ಭೈರ. ನಮ್ಮ ಮನೆಯಲ್ಲಿ ಮೂರು ವರ್ಷ ಬದುಕಿದ. ಭವ್ಯಳ ಬಟ್ಟೆಯ ಪೆಟ್ಟಿಗೆ ಇನ್ನೂ ಮಂಚದ ಕೆಳಗಿದೆ. ಅವನು ಅಲ್ಲೇ ಮಲಗುತ್ತಿದ್ದ. ಕಳೆದ ಚಳಿಗಾಲ ಅವನೂ ಹೋದ. ಹಿತ್ತಲಲ್ಲಿ ಮಣ್ಣು ಮಾಡಿ ಬಂದು ನಾನು ಅವನ ತಟ್ಟೆಯ ಹತ್ತಿರ ಕೂತೆ. ಇವಳು ಮತ್ತೆ ಊಟ ಬಿಡುತ್ತಾಳೆ ಎಂಬ ಹೆದರಿಕೆ. ನಾಗರತ್ನ ಒಲೆ ಹಚ್ಚಿ ಮುದ್ದೆ ಕಟ್ಟಿದಳು. ಅವನ ಖಾಲಿ ತಟ್ಟೆಯ ಎದುರು ಕೂತು, ಒಂದು ತುತ್ತು ಊದಿ ನುಂಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಾನ್ ತಿಂದೆ. ನೀವೂ ತಿನ್ರಿ."

ಭೈರವಾ, ನಾನು ಬೇಡಿದ್ದು ಒಂದು ಹೊತ್ತಿನ ಊಟ ಮಾತ್ರ.