ಬರದ ಕಾಲದ ಸೇರು

ಈ ಹಿತ್ತಾಳೆ ಸೇರಿನ ಕಥೆಯನ್ನು ಅಜ್ಜಿ ಹೇಳಿದ್ದಳೋ, ನಾನೇ ಕಟ್ಟಿಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಬರದ ವರ್ಷ ನಮ್ಮ ಹಿರಿಯರು ಇದನ್ನು ಹಿಡಿದು ಜೋಳಕ್ಕಾಗಿ ಸಾಲಿನಲ್ಲಿ ನಿಂತಿದ್ದರು ಎಂಬುದು ಕಥೆ. ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು, ಬೇರೆಯವರ ಅಜ್ಜಿಯರು ಹೇಳಿದ್ದಕ್ಕೆಲ್ಲ ಆಧಾರ ಕೇಳುತ್ತೇನೆ.

ಕೊಲ್ಲಿ ದೇಶದಲ್ಲಿ, ಲುಸೈಲಿನ ಕಟ್ಟಡ ಕಂಪನಿಯೊಂದರ ಆಫೀಸಿನಲ್ಲಿ ನಾನು ಕಡತ ನೋಡಿಕೊಳ್ಳುವವನು. ನಮ್ಮ ಮ್ಯಾನೇಜರ್ ಐರ್ಲೆಂಡಿನವರು. ಅಲ್ಲಿ ಆಲೂಗಡ್ಡೆ ಕೊಳೆತು ಲಕ್ಷಾಂತರ ಜನ ಸತ್ತ ಕ್ಷಾಮದ ನೆನಪಿಗೆ ಅವರು ಪ್ರತಿವರ್ಷ ಮದೀನತ್ ಖಲೀಫಾ ಬಡಾವಣೆಯ ತಮ್ಮ ವಿಲ್ಲಾದಲ್ಲಿ ಊಟ ಹಾಕಿಸುತ್ತಾರೆ. ಆಲೂಗಡ್ಡೆಯದೇ ಏಳು ಬಗೆ. ನಡುವೆ ಆ ಕಾಲದಲ್ಲಿ ಗಂಜಿ ಕಾಯಿಸಿದ ಕಬ್ಬಿಣದ ಹಂಡೆ, ಹರಾಜಿನಲ್ಲಿ ಕೊಂಡದ್ದು. ಅದರ ತುಂಬ ಬಿಳಿ ಲಿಲ್ಲಿ ಹೂ. "ನಮ್ಮವರು ಇದರ ಮುಂದೆ ನಿಂತಿದ್ದರು" ಎಂದು ಕಳೆದ ವರ್ಷ ಅವರು ಕಣ್ಣೊರೆಸಿಕೊಂಡರು. ಅತಿಥಿಗಳ ಮುತ್ತಜ್ಜಂದಿರೂ ಹಂಡೆಯ ಮುಂದೆಯೇ ನಿಂತಿದ್ದರಂತೆ. ಸೌಟು ಹಿಡಿದವನ ವಂಶದವರು ಒಬ್ಬರೂ ಇರಲಿಲ್ಲ; ಆ ಗಂಜಿ ತನ್ನನ್ನು ತಾನೇ ಬಡಿಸಿಕೊಂಡಿರಬೇಕು.

ನಗು ತಡೆದುಕೊಂಡು ಸುಮ್ಮನಿರಬೇಕಾದವನು, "ನಮ್ಮ ಮನೆಯಲ್ಲೂ ಅಂಥದೊಂದು ಸೇರು ಇದೆ" ಎಂದುಬಿಟ್ಟೆ. ಈ ಸಲ ಅದನ್ನೂ ಹಂಡೆಯ ಪಕ್ಕ ಇಡಬೇಕು, ಕಥೆಯನ್ನು ಕಾರ್ಡಿನಲ್ಲಿ ಬರೆದು ಸಹಿ ಹಾಕಿ ತರಬೇಕು ಎಂದು ಅಪ್ಪಣೆಯಾಯಿತು.

ಊಟದ ಹಿಂದಿನ ದಿನ ನಮ್ಮ ಸೈಟಿನ ಫೋರ್‌ಮನ್ ಯಮನಪ್ಪ ನನ್ನ ಫ್ಲ್ಯಾಟಿಗೆ ಬಂದಿದ್ದ, ಬಿನ್ ಒಮ್ರಾನ್ ಬಡಾವಣೆಗೆ. ಬಾಗಲಕೋಟೆ ಕಡೆಯವನು. ಮೇಜಿನ ಮೇಲಿದ್ದ ಸೇರು ತೋರಿಸಿ, ಇಂಗ್ಲಿಷಿನಲ್ಲಿ ಬರೆದಿದ್ದ ಕಾರ್ಡು ಓದಿ ಅರ್ಥ ಹೇಳಿದೆ.

"ಸಾಹೇಬ್ರ, ಜೋಳ ಬೇಡಾಕ ಹೋಗೋರು ಸೇರು ಯಾಕ ಒಯ್ತಾರ್ರಿ? ಉಡಿ ಒಡ್ಡತಾರ."

"ಮನೆಯಲ್ಲಿದ್ದ ಪಾತ್ರೆ ಒಯ್ದಿರಬಹುದಪ್ಪ."

"ಹಸದವ್ರ ಮನ್ಯಾಗ ಅಳ್ಯಾಕ ಏನಿತ್ರಿ? ನಮ್ಮ ಮುತ್ಯಾಂದು ಒಂದ್ ಚಮಚಾನೂ ಉಳದಿಲ್ಲ. ಸೇರು ಇದ್ದಾಂವ ಅಳದು ಕೊಟ್ಟಾಂವ. ಖಲಾಸ್!"

ಚಹಾ ಮುಗಿಸಿ, ನಗುತ್ತಲೇ ಹೋದ. ನಾನು ಕಾರ್ಡು ಹಿಡಿದು ಕೂತೆ. ಏಸಿಯಲ್ಲಿ ಕೂರುವ ನನಗೆ ಬಿಸಿಲಿನಲ್ಲಿ ದುಡಿಯುವ ಯಮನಪ್ಪನಂಥವರ ಮುಖ ನೋಡಲು ಇದ್ದ ಧೈರ್ಯವೆಂದರೆ, ನಾನೂ ಹಸಿದವರ ಮನೆಯವನು ಎಂಬುದೊಂದೇ. ಅದು ಹೋಯಿತು. ಹೋದ ಐದೇ ನಿಮಿಷಕ್ಕೆ ಮನಸ್ಸು ಹೊಸ ಕಾರ್ಡು ಬರೆಯತೊಡಗಿತು: 'ಬರಗಾಲದಲ್ಲಿ ಊರಿಗೆ ಜೋಳ ಅಳೆದುಕೊಟ್ಟ ಧರ್ಮಿಷ್ಠರ ಮನೆತನದ್ದು.' ಓದಲು ಇದು ಇನ್ನೂ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದೇ ಅನುಮಾನ ಹುಟ್ಟಿಸಿತು; ಸೇರನ್ನೇ ಅಳೆಯಲು ಸ್ಕೇಲು ತಂದೆ.

ಎರಡೂ ಕಾರ್ಡಿಗೆ ಸಹಿ ಹಾಕಲಿಲ್ಲ. ಇಷ್ಟನ್ನು ಮಾತ್ರ, ಒಳಗೂ ಹೊರಗೂ ಎರಡೆರಡು ಸಲ ಅಳೆದು, ಖಚಿತವಾಗಿ ಹೇಳಬಲ್ಲೆ: ಹೊರಗಿನಿಂದ ಪೂರ್ತಿ ಸೇರು; ಒಳಗೆ, ತಳದಿಂದ ಎರಡು ಬೆರಳು ಮೇಲೆ, ಇನ್ನೊಂದು ತಳ ಬೆಸೆದಿದ್ದಾರೆ.